ಕೃಷಿ ಹೊಂಡದಲ್ಲಿ ಎರಡು ಥರದ ಹುಳ: ಕಚ್ಚುವುದು ಯಾವುದು, ಮೀನು ಮರಿ ತಿನ್ನುವುದು ಯಾವುದು?

ಶಿರಾ ಹೊಂಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿರಾ ಹತ್ತಿರ ನಮ್ಮ ಹೊಲದಲ್ಲಿ ಒಂದು ಕೃಷಿ ಹೊಂಡ ಇದೆ. ಉದ್ದ 21 ಮೀಟರ್, ಅಗಲವೂ ಅಷ್ಟೇ, ಆಳ 3 ಮೀಟರ್. ಒಳಗೆ ಕಪ್ಪು ಪ್ಲಾಸ್ಟಿಕ್ ಶೀಟ್ ಹಾಸಿದ್ದೇವೆ, ಸುತ್ತ ಬೇಲಿ ಹಾಕಿದ್ದೇವೆ. ಈ ಸಲದ ಮಳೆಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರು ನಿಂತಿದೆ.

ನೀರು ನಿಂತ ಸ್ವಲ್ಪ ದಿನಕ್ಕೇ ಹುಳ ತುಂಬಿಕೊಂಡವು. ಎಲ್ಲ ಒಂದೇ ಜಾತಿ ಅಂದುಕೊಂಡಿದ್ದೆವು. ಬಕೆಟ್‌ನಲ್ಲಿ ಮೊಗೆದು ನೋಡಿದರೆ ಎರಡು ಥರ ಕಾಣುತ್ತವೆ. ಒಂದು ಸಣ್ಣಗೆ, ಉದ್ದಕ್ಕೆ, ಬೆಳ್ಳಗೆ ಇದೆ. ನೀರಿನ ನಡುವೆ ಅಲ್ಲಾಡದೆ ನಿಂತಿರುತ್ತದೆ. ಇನ್ನೊಂದು ಕಂದು ಬಣ್ಣ, ಚಪ್ಪಟೆ. ತಳದಲ್ಲೇ ಇರುತ್ತದೆ. ಆಗಾಗ ಸರ್ರನೆ ಮೇಲೆ ಬಂದು ಹೋಗುತ್ತದೆ. ಎರಡಕ್ಕೂ ಹಿಂದಿನ ಕಾಲು ಉದ್ದ, ಅದರಲ್ಲೇ ಈಜುತ್ತವೆ. ಎರಡೂ ಒಂದು ಸೆಂಟಿಮೀಟರ್ ಒಳಗೇ.

ಮಗಳು ಬಕೆಟ್‌ಗೆ ಕೈ ಹಾಕಿ ಒಂದನ್ನು ಹಿಡಿದಳು, ಅದು ಕಚ್ಚಿತು. ಬೆರಳು ಊದಿ ಕೆಂಪಾಯಿತು, ಚೆನ್ನಾಗಿ ಅತ್ತಳು. ಸಂಜೆ ಹೊತ್ತಿಗೆ ಸರಿಹೋಯಿತು. ಯಾವುದು ಕಚ್ಚಿತು ಅಂತ ಗೊತ್ತಾಗಲಿಲ್ಲ.

ಮುಂದಿನ ತಿಂಗಳು ಹೊಂಡಕ್ಕೆ ಮೀನು ಮರಿ ಬಿಡಬೇಕು ಅಂತ ಇದ್ದೇವೆ. ಕಾಟ್ಲಾ, ರೋಹು, ಗೆಂಡೆ. ಪಕ್ಕದ ಹೊಲದವರು ಈ ಹುಳ ಮರಿ ತಿನ್ನುತ್ತವೆ, ಟೊಮೆಟೊಗೆ ಹೊಡೆಯುವ ಔಷಧಿಯನ್ನೇ ಸ್ವಲ್ಪ ಹಾಕಿ ಸಾಯಿಸಿ ಅಂತಾರೆ. ಹಾಕಬಹುದಾ? ಎರಡನ್ನೂ ಸಾಯಿಸಬೇಕಾ? ಗೊತ್ತಿದ್ದವರು ಹೇಳಿ.

ತೆಂಗಿನತೋಟ, ತಿಪಟೂರು:

ನಮ್ಮ ಬಾವಿಯಲ್ಲೂ ಇವೆ ಸರ್. ಮೊದಲು ನಮ್ಮ ತಂದೆಯವರು ತೊಟ್ಟಿಗೆ ಒಂದಿಷ್ಟು ಸೀಮೆಎಣ್ಣೆ ಬಿಡುತ್ತಿದ್ದರು, ಹುಳ ಎಲ್ಲ ಸಾಯುತ್ತಿದ್ದವು. ಔಷಧಿಗಿಂತ ಅದು ವಾಸಿ ಅನಿಸುತ್ತದೆ. ಆದರೆ ಆ ನೀರು ದನಕ್ಕೆ ಕುಡಿಸಲು ಆಗುವುದಿಲ್ಲ, ನೋಡಿಕೊಳ್ಳಿ.

ಭದ್ರಾ ದಂಡೆ:

ಸರ್, ಮೊದಲನೇ ಮಾತು: ಟೊಮೆಟೊ ಔಷಧಿ ಖಂಡಿತ ಹಾಕಬೇಡಿ. ತರಕಾರಿಗೆ ಹೊಡೆಯುವ ಸೈಪರ್‌ಮೆಥ್ರಿನ್ ಥರದ ಔಷಧಿಗಳು ಮೀನಿಗೆ ಘೋರ ವಿಷ. ಎಕರೆಗಟ್ಟಲೆ ಹೊಲಕ್ಕೆ ಹೊಡೆದಾಗ ಹರಿದು ಬಂದ ಸ್ವಲ್ಪ ನೀರೇ ಸಾಕು, ಹೊಂಡದ ಮೀನು ಮಗುಚಿ ಬೀಳುತ್ತವೆ. ನೇರವಾಗಿ ಸುರಿದರೆ ಕೇಳಬೇಕಾ?

ನಾನು ಭದ್ರಾವತಿ ಕಡೆಯವಳು. ಜೂವಾಲಜಿ ಓದಿದ್ದೇನೆ. ಈಗ ಮನೆಯವರ ಜೊತೆ ಮೀನು ಮರಿ ಬೆಳೆಸಿ ಮಾರುತ್ತೇನೆ. ಭದ್ರಾ ಅಣೆಕಟ್ಟಿನ ಹತ್ತಿರದ ಬಿ.ಆರ್. ಪ್ರಾಜೆಕ್ಟ್‌ನಿಂದ ಕಣ್ಣಿಗೆ ಕಾಣುವಷ್ಟೇ ದೊಡ್ಡದಾದ ಮರಿ ತಂದು, ಮಣ್ಣಿನ ಕೊಳದಲ್ಲಿ ಬಿಟ್ಟು ದೊಡ್ಡದು ಮಾಡುವುದು ನಮ್ಮ ಕೆಲಸ. ನೀವು ಕೇಳಿದ ಎರಡು ಹುಳಗಳನ್ನು ದಿನಾ ನೋಡುತ್ತೇನೆ. ಅವುಗಳ ಮೇಲೆ ನನಗೆ ಪ್ರೀತಿಯೂ ಇದೆ, ಹಾಗಾಗಿ ಉತ್ತರ ಉದ್ದ ಆಗುತ್ತದೆ.

ಬೆಳ್ಳಗೆ ನೀರಿನ ನಡುವೆ ನಿಂತಿರುವುದು ಬ್ಯಾಕ್‌ಸ್ವಿಮ್ಮರ್. ನೀವು ಹೇಳಿದ ಗಾತ್ರ, ಬಣ್ಣ ನೋಡಿದರೆ ಅನಿಸಾಪ್ಸ್ ಅನ್ನುವ ಕುಲದ್ದು. ತಳದ ಕಂದು ಹುಳ ವಾಟರ್ ಬೋಟ್‌ಮನ್. ಎರಡೂ ತಿಗಣೆ ಬಳಗದವು. ಹಾಗಾಗಿ ಎರಡಕ್ಕೂ ಅಗಿಯುವ ಬಾಯಿ ಇಲ್ಲ, ಹೀರುವ ಬಾಯಿ ಇದೆ. ಎರಡಕ್ಕೂ ರೆಕ್ಕೆ ಇದೆ, ರಾತ್ರಿ ಹಾರುತ್ತವೆ. ಎರಡೂ ನೀರಿನೊಳಗಿದ್ದರೂ ಗಾಳಿಗೆ ಮೇಲೆ ಬರಲೇಬೇಕು. ಇಷ್ಟು ಒಂದೇ ಥರ. ಬಾಕಿ ಸಂಸಾರ ಪೂರ್ತಿ ಬೇರೆ.

ಗುರುತು ಹಿಡಿಯಲು ಬಣ್ಣ ನಂಬಬೇಡಿ. ಈಜುವ ರೀತಿ ನೋಡಿ. ಬ್ಯಾಕ್‌ಸ್ವಿಮ್ಮರ್ ಯಾವಾಗಲೂ ಅಂಗಾತ ಈಜುತ್ತದೆ. ಹೊಟ್ಟೆ ಮೇಲೆ, ಬೆನ್ನು ಕೆಳಗೆ. ವಾಟರ್ ಬೋಟ್‌ಮನ್ ಬೋರಲಾಗಿ ಈಜುತ್ತದೆ. ಮರಿ ಹುಳಗಳಿಗೂ ಇದೇ ಗುರುತು. ಇವು ಮೊಟ್ಟೆಯಿಂದ ಬಂದ ಮೇಲೆ ಐದು ಸಲ ಪೊರೆ ಬಿಟ್ಟು ದೊಡ್ಡವಾಗುತ್ತವೆ, ಚಿಟ್ಟೆಯ ಹಾಗೆ ಕೋಶದ ಹಂತ ಇಲ್ಲ. ರೆಕ್ಕೆ ಬರದ ಪುಟಾಣಿಯೂ ಅಪ್ಪ ಅಮ್ಮನ ಹಾಗೇ ಈಜುತ್ತದೆ.

ಹಾರ್ಲಿಕ್ಸ್ ಬಾಟಲಿಯಂಥ ಗಾಜಿನ ಬಾಟಲಿಗೆ ಎರಡನ್ನೂ ಹಾಕಿ ಕಿಟಕಿ ಹತ್ತಿರ ಇಡಿ. ಗಾಳಿಗೆ ಬರುವಾಗ ಬ್ಯಾಕ್‌ಸ್ವಿಮ್ಮರ್ ಹಿಂಭಾಗದ ತುದಿಯನ್ನು ನೀರಿನ ಮೇಲ್ಪದರಕ್ಕೆ ತಾಗಿಸುತ್ತದೆ. ತಲೆ ಕೆಳಗೇ ಇರುತ್ತದೆ. ವಾಟರ್ ಬೋಟ್‌ಮನ್ ತಲೆ ಮತ್ತು ಎದೆಯ ಕಡೆಯಿಂದ ಮೇಲೆ ಬರುತ್ತದೆ, ಒಂದು ಚಣಕ್ಕೆ ತಾಗಿಸಿ ತಕ್ಷಣ ಇಳಿಯುತ್ತದೆ. ಇಳಿಯುವಾಗ ಹೊಟ್ಟೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದು ಹೊಟ್ಟೆಗೆ ಅಂಟಿಕೊಂಡ ಗಾಳಿಯ ಪದರ. ಆ ಗಾಳಿಯಿಂದಾಗಿ ಮೈ ತೇಲುತ್ತದೆ. ಅದಕ್ಕೇ ನಡುವಿನ ಉದ್ದ ಕಾಲಿನ ಉಗುರಿನಿಂದ ತಳದ ಕಸವನ್ನೋ ಕಲ್ಲನ್ನೋ ಹಿಡಿದುಕೊಂಡು ಕೂರುತ್ತದೆ. ಹಿಡಿತ ಬಿಟ್ಟರೆ ತಾನಾಗೇ ಮೇಲಕ್ಕೆ ಬರುತ್ತದೆ.

ಹಾಗಾದರೆ ನಿಮ್ಮ ಬಿಳಿ ಹುಳ ಏನನ್ನೂ ಹಿಡಿಯದೆ ನಡುನೀರಿನಲ್ಲಿ ಹೇಗೆ ನಿಲ್ಲುತ್ತದೆ? ಇದು ನನಗೆ ತುಂಬ ಇಷ್ಟವಾದ ಸಂಗತಿ. ನಮ್ಮ ರಕ್ತದಲ್ಲಿ ಇರುವ ಹಿಮೋಗ್ಲೋಬಿನ್ ಅನಿಸಾಪ್ಸ್‌ನ ಹೊಟ್ಟೆಯಲ್ಲೂ ಇದೆ. ಕೀಟಗಳಲ್ಲಿ ಇದು ಅಪರೂಪ. ಹುಳ ಗಾಳಿಗುಳ್ಳೆ ಹೊತ್ತು ಕೆಳಗಿಳಿಯುತ್ತದೆ. ಉಸಿರಾಡುತ್ತಾ ಗುಳ್ಳೆಯ ಆಮ್ಲಜನಕ ಖರ್ಚಾಗುತ್ತದೆ, ಗುಳ್ಳೆ ಸಣ್ಣದಾಗುತ್ತದೆ, ಹುಳ ಮುಳುಗಬೇಕು. ಆ ಹೊತ್ತಿಗೆ ಹಿಮೋಗ್ಲೋಬಿನ್ ತಾನು ಹಿಡಿದಿಟ್ಟ ಆಮ್ಲಜನಕ ಬಿಡುತ್ತದೆ. ಗುಳ್ಳೆ ಹೆಚ್ಚು ಕುಗ್ಗದೆ ಉಳಿಯುತ್ತದೆ, ಹುಳ ತೇಲದೆ ಮುಳುಗದೆ ಸುಮ್ನೆ ನಿಲ್ಲುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಮ್ಯಾಥ್ಯೂಸ್ ಮತ್ತು ಸೀಮೋರ್ 2006ರಲ್ಲಿ ಇದನ್ನು ತೋರಿಸಿದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳ್ಳಗಿನ ಮೈಯಲ್ಲಿ ಹೊಟ್ಟೆ ಹತ್ತಿರ ನಸುಗೆಂಪು ಕಾಣುತ್ತದೆ. ಅದೇ ಹಿಮೋಗ್ಲೋಬಿನ್.

ಈಗ ಬಾಯಿಯ ವಿಷಯ. ನಿಮಗೆ ಬೇಕಾದ ಉತ್ತರ ಇರುವುದು ಇಲ್ಲೇ.

ಬ್ಯಾಕ್‌ಸ್ವಿಮ್ಮರ್‌ನ ಮೂತಿ ಗಿಡ್ಡ, ಗಟ್ಟಿ, ಚೂಪು. ಮುಂಗಾಲಿನಲ್ಲಿ ಬೇಟೆಯನ್ನು ಅವುಚಿ ಹಿಡಿದು ಚುಚ್ಚುತ್ತದೆ, ಜೊಲ್ಲು ಒಳಗೆ ಬಿಡುತ್ತದೆ, ಕರಗಿದ್ದನ್ನು ಹೀರುತ್ತದೆ. ಮಗಳಿಗೆ ಕಚ್ಚಿದ್ದು ಇದೇ. ಜೇನು ಕಚ್ಚಿದಷ್ಟು ಉರಿಯುತ್ತದೆ. ತೊಳೆದು ತಣ್ಣೀರು ಬಟ್ಟೆ ಇಟ್ಟರೆ ಸಾಕು. ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ, ಮುಷ್ಟಿಯಲ್ಲಿ ಹಿಡಿದಾಗ ಬಿಡಿಸಿಕೊಳ್ಳಲು ಚುಚ್ಚುತ್ತದೆ. ಮಕ್ಕಳಿಗೆ ಟೀ ಸೋಸುವ ಜಾಲರಿ ಕೊಡಿ, ಆಮೇಲೆ ಎಷ್ಟು ಬೇಕಾದರೂ ನೋಡಲಿ.

ವಾಟರ್ ಬೋಟ್‌ಮನ್‌ಗೆ ಚೂಪು ಮೂತಿ ಇಲ್ಲ. ಅಗಲವಾದ ಗಿಡ್ಡ ತ್ರಿಕೋನದಂಥ ಬಾಯಿ. ಮುಂಗಾಲು ಬಹಳ ಚಿಕ್ಕದು, ತುದಿ ಅಗಲ, ಅಂಚಿಗೆ ಕೂದಲ ಸಾಲು. ಅದರಿಂದ ತಳದ ಪಾಚಿ, ಕೊಳೆತ ಎಲೆಯ ಪುಡಿ ಗೋರಿ ಬಾಯಿಗೆ ಹಾಕಿಕೊಳ್ಳುತ್ತದೆ. ಕೆಲವು ಜಾತಿಗಳು ಸಣ್ಣ ಲಾರ್ವಾಗಳನ್ನೂ ತಿನ್ನುತ್ತವೆ. ಮನುಷ್ಯರನ್ನು ಕಚ್ಚುವುದಿಲ್ಲ. ಮೀನಿಗೆ ಇದು ಒಳ್ಳೆಯ ಊಟ. ಮೆಕ್ಸಿಕೊದಲ್ಲಿ ಟೆಸ್ಕೊಕೊ ಸರೋವರದ ಸುತ್ತಿನ ಜನ ಇದರ ಮೊಟ್ಟೆಗಳನ್ನು ಅಜ್‌ಟೆಕ್ ಕಾಲದಿಂದ ತಿನ್ನುತ್ತಿದ್ದಾರೆ. ಸೊಪ್ಪು ಸದೆ ಕಟ್ಟು ಮಾಡಿ ನೀರಿನಲ್ಲಿ ಇಟ್ಟರೆ ಹುಳ ಬಂದು ಮೊಟ್ಟೆ ಇಡುತ್ತವೆ, ಒಣಗಿಸಿ ಉದುರಿಸಿಕೊಳ್ಳುತ್ತಾರೆ.

ಸರಿ, ಸಾಯಿಸಬೇಕಾ ಬೇಡವಾ? ನೀವು ತರುವ ಮರಿಯ ಗಾತ್ರ ಎಷ್ಟು ಅನ್ನುವುದರ ಮೇಲೆ ನಿಂತಿದೆ. ನಾವು ತರುವ ಸ್ಪಾನ್, ಅಂದರೆ ಮೊಟ್ಟೆಯಿಂದ ಬಂದು ಕೆಲವೇ ದಿನ ಆದ ಮರಿ, 6ರಿಂದ 8 ಮಿಲಿಮೀಟರ್. ಬ್ಯಾಕ್‌ಸ್ವಿಮ್ಮರ್ ಅದಕ್ಕೆ ಯಮ. ಕೊಳದಲ್ಲಿ ಈ ಹುಳ ತುಂಬಿದ್ದಾಗ ಸ್ಪಾನ್ ಬಿಟ್ಟರೆ ಬೆಳಗಾಗುವುದರೊಳಗೆ ದಡದಲ್ಲಿ ಬಿಳಿಚಿಕೊಂಡ ಮರಿಗಳು ಸಿಗುತ್ತವೆ. ಮೈ ಹಾಗೇ ಇರುತ್ತದೆ, ಒಳಗಿನ ರಸ ಇರುವುದಿಲ್ಲ. ಆದರೆ ನೀವು 8-10 ಸೆಂಟಿಮೀಟರ್‌ನ ಫಿಂಗರ್‌ಲಿಂಗ್ ತಂದರೆ, ಒಂದು ಸೆಂಟಿಮೀಟರ್ ಹುಳ ಅದಕ್ಕೆ ಏನೂ ಮಾಡಲಾರದು. ಉಲ್ಟಾ ಗೆಂಡೆ ತಳ ಕೆದಕಿ ಹುಳಗಳನ್ನೇ ತಿನ್ನುತ್ತದೆ. ಕೃಷಿ ಹೊಂಡಕ್ಕೆ ಯಾರೇ ಕೇಳಿದರೂ ನಾನು ಫಿಂಗರ್‌ಲಿಂಗ್ ಅಂತಲೇ ಹೇಳುವುದು. ಬೆಲೆ ಜಾಸ್ತಿ, ಆದರೆ ಉಳಿಯುತ್ತವೆ.

ಯಾವ ಗಾತ್ರ ತರುತ್ತೀರಿ ಅಂತ ಬರೆಯಿರಿ.

ಶಿರಾ ಹೊಂಡ:

ಅಕ್ಕಾ, ತುಂಬ ಥ್ಯಾಂಕ್ಸ್. ಔಷಧಿ ವಿಚಾರ ಕೈಬಿಟ್ಟೆವು. ಬಾಟಲಿಗೆ ಹಾಕಿ ನೋಡಿದೆವು, ನೀವು ಹೇಳಿದ ಹಾಗೇ ಇದೆ. ಬಿಳಿಯದು ಅಂಗಾತ, ಕಂದು ಬೋರಲು. ಕೆಂಪು ಛಾಯೆಯನ್ನು ಮಗಳೇ ಮೊದಲು ಕಂಡಳು. ಆದರೆ ಒಂದು ಅನುಮಾನ. ಬೆಳಿಗ್ಗೆ ನೋಡಿದರೆ ಕಂದು ಹುಳ ಒಂದು ಸತ್ತು ತೇಲುತ್ತಿತ್ತು. ಬಿಳಿ ಹುಳವೇ ಕೊಂದಿತಾ?

ಮರಿ ವಿಷಯ: ಪೂರ್ತಿ ಫಿಂಗರ್‌ಲಿಂಗ್ ತರುವಷ್ಟು ದುಡ್ಡು ಈಗ ಇಲ್ಲ. ಗೆಂಡೆ ಸ್ಪಾನ್ ಸ್ವಲ್ಪ ತಂದು ನಾವೇ ಬೆಳೆಸೋಣ ಅಂತ ಯೋಚನೆ.

ಇನ್ನೊಂದು, ಪ್ಲಾಸ್ಟಿಕ್ ಹಾಸಿದ ಹೊಸ ಹೊಂಡ ಇದು. ಹತ್ತಿರ ಕೆರೆಯೂ ಇಲ್ಲ, ಹಳ್ಳವೂ ಇಲ್ಲ. ಇಷ್ಟು ಬೇಗ ಎಲ್ಲಿಂದ ಬಂದವು? ಮಳೆ ಜೊತೆ ಬೀಳುತ್ತವೆ ಅಂತ ಅಮ್ಮ ಹೇಳುತ್ತಾರೆ.

ಮೈಸೂರು ಮೇಷ್ಟ್ರು:

ಮಳೆ ಜೊತೆ ಅಲ್ಲ, ಮಳೆಗಾಲದ ರಾತ್ರಿಗಳಲ್ಲಿ ಹಾರಿ ಬರುತ್ತವೆ. ನಿಮ್ಮ ತಾಯಿಯವರಿಗೆ ಹಾಗೆ ಅನಿಸುವುದು ಸಹಜ, ಕಾಲ ಒಂದೇ ಅಲ್ವಾ. ನೀರಿನ ಮೇಲೆ ಬಿದ್ದು ಮರಳುವ ಬೆಳಕು ಒಂದು ದಿಕ್ಕಿಗೆ ಅಡ್ಡಡ್ಡ ಕಂಪಿಸುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಬ್ಯಾಕ್‌ಸ್ವಿಮ್ಮರ್ ಕಣ್ಣಿಗೆ ಗೊತ್ತಾಗುತ್ತದೆ. 1980ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ಶ್ವಿಂಡ್ ಇದನ್ನು ಪ್ರಯೋಗದಿಂದ ತೋರಿಸಿದರು. ಹಾರುತ್ತಿರುವಾಗ ಕೆಳಗೆ ಅಂಥ ಬೆಳಕು ಕಂಡರೆ ಅದೇ ನೀರು ಅಂತ ಇಳಿಯುತ್ತವೆ. ಕಪ್ಪಗೆ ಹೊಳೆಯುವ ಮೇಲ್ಮೈಯಿಂದ ಇಂಥ ಬೆಳಕು ಬಹಳ ಚೆನ್ನಾಗಿ ಬರುತ್ತದೆ. ಅಂದರೆ ನಿಮ್ಮ ಕಪ್ಪು ಶೀಟ್ ಹೊಂಡ ದೂರದಿಂದಲೇ ಕರೆಯುತ್ತಿದೆ. ಹೊಳೆಯುವ ಕಾರಿನ ಮೇಲೆ ನೀರುಹುಳ ಬಂದು ಬೀಳುವುದೂ ಇದಕ್ಕೇ.

ವಾಟರ್ ಬೋಟ್‌ಮನ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಅದನ್ನು ಯಾರೂ ಗಮನಿಸುವುದಿಲ್ಲ. ಅದರ ಗಂಡುಗಳು ನೀರಿನೊಳಗೆ ಸದ್ದು ಮಾಡಿ ಹೆಣ್ಣನ್ನು ಕರೆಯುತ್ತವೆ. ಯೂರೋಪಿನಲ್ಲಿ ಮೈಕ್ರೊನೆಕ್ಟ ಶೋಲ್ಟ್ಸಿ ಅನ್ನುವ 2 ಮಿಲಿಮೀಟರ್ ಹುಳ ಇದೆ. 2011ರಲ್ಲಿ ಫ್ರಾನ್ಸ್ ಮತ್ತು ಸ್ಕಾಟ್ಲೆಂಡಿನ ಸಂಶೋಧಕರು ಅದರ ಸದ್ದು ಅಳೆದರು. ಗರಿಷ್ಠ 99.2 ಡೆಸಿಬೆಲ್. ಮೈ ಗಾತ್ರಕ್ಕೆ ಹೋಲಿಸಿದರೆ ಅಷ್ಟು ಜೋರು ಸದ್ದು ಮಾಡುವ ಪ್ರಾಣಿ ಬೇರೆ ಸಿಕ್ಕಿಲ್ಲ ಅಂತ ಅವರು ಬರೆದರು. ಸದ್ದಿನ ಬಹುಪಾಲು ನೀರಿನಿಂದ ಗಾಳಿಗೆ ಬರುವಾಗ ಕಳೆದುಹೋಗುತ್ತದೆ, ಆದರೂ ದಂಡೆಯಲ್ಲಿ ನಡೆಯುವವರಿಗೆ ಕೇಳಿಸುತ್ತದೆ. ಮೈಕ್ರೊನೆಕ್ಟ ಕುಲದ ಹುಳಗಳು ನಮ್ಮ ಕೆರೆಗಳಲ್ಲೂ ಇವೆ. ಎಳ್ಳಿನಷ್ಟು ಇರುತ್ತವೆ, ಮರಿ ಹುಳ ಅಂತ ಬಿಟ್ಟುಬಿಡುತ್ತೇವೆ.

ಭದ್ರಾ ದಂಡೆಯವರಿಗೆ ಒಂದು ಪ್ರಶ್ನೆ: ಬ್ಯಾಕ್‌ಸ್ವಿಮ್ಮರ್ ಸೊಳ್ಳೆ ಮರಿ ತಿನ್ನುತ್ತದಲ್ಲ, ಅದನ್ನು ತೆಗೆದರೆ ಸೊಳ್ಳೆ ಜಾಸ್ತಿ ಆಗುವುದಿಲ್ಲವೇ?

ಭದ್ರಾ ದಂಡೆ:

ಮೇಷ್ಟ್ರೇ, ಒಳ್ಳೆ ಪ್ರಶ್ನೆ. ಮೊದಲು ಶಿರಾದವರಿಗೆ ಹೇಳಿ ಆಮೇಲೆ ಬರುತ್ತೇನೆ.

ಬಾಟಲಿಯಲ್ಲಿ ಸತ್ತ ಹುಳ: ಬಿಳಿ ಹುಳ ಕೊಂದಿರಬಹುದು, ಗಾಳಿ ಸಾಲದೆ ಸತ್ತಿರಲೂಬಹುದು. ಒಂದೇ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಬೇಡಿ. ನೋಡಿ ಆದ ಮೇಲೆ ವಾಪಸ್ ಹೊಂಡಕ್ಕೆ ಬಿಡಿ. ಬ್ಯಾಕ್‌ಸ್ವಿಮ್ಮರ್‌ಗಳು ಹಸಿದರೆ ತಮ್ಮ ಜಾತಿಯ ಮರಿಯನ್ನೂ ಬಿಡುವುದಿಲ್ಲ.

ಸ್ಪಾನ್ ಬಿಡುವುದೇ ಆದರೆ ಹುಳ ತೆಗೆಯಲೇಬೇಕು. ಮರಿ ಸಾಕುವವರು ಬಹಳ ಕಾಲದಿಂದ ಮಾಡುವ ಕ್ರಮ ಸೋಪು-ಎಣ್ಣೆ. ಹೆಕ್ಟೇರ್‌ಗೆ 56 ಕೆಜಿ ಅಡುಗೆ ಎಣ್ಣೆ, 18 ಕೆಜಿ ಬಟ್ಟೆ ಸೋಪು. ಲೆಕ್ಕ ಹಾಕುವಾಗ ಹೊಂಡದ ಬಾಯಿ ಅಳೆಯಬೇಡಿ, ಈಗ ನೀರು ಎಷ್ಟು ಅಗಲಕ್ಕೆ ನಿಂತಿದೆಯೋ ಅದನ್ನು ಅಳೆಯಿರಿ. ಗೋಡೆ ಇಳಿಜಾರು ಇರುತ್ತದಲ್ಲ. ನೀರು 16 ಮೀಟರ್ ಉದ್ದ, 16 ಮೀಟರ್ ಅಗಲಕ್ಕೆ ನಿಂತಿದ್ದರೆ ಸುಮಾರು 1.4 ಕೆಜಿ ಎಣ್ಣೆ, 460 ಗ್ರಾಂ ಸೋಪು ಸಾಕು. ಅಗ್ಗದ ಎಣ್ಣೆಯೇ ಆಗುತ್ತದೆ. ಸೋಪನ್ನು ತುರಿದು ಬಿಸಿನೀರಿನಲ್ಲಿ ಕರಗಿಸಿ. ಎಣ್ಣೆ ಸುರಿಯುತ್ತಾ ಚೆನ್ನಾಗಿ ಕಲಕಿ. ಬೂದು ಮಿಶ್ರಿತ ಕಂದು ಬಣ್ಣಕ್ಕೆ ಬಂದಾಗ ನೀರಿನ ಮೇಲೆಲ್ಲ ಚಿಮುಕಿಸಿ. ಗಾಳಿ ಬೀಸದ ಹೊತ್ತು ಆಗಬೇಕು. ಗಾಳಿ ಇದ್ದರೆ ಎಣ್ಣೆ ಪದರ ಒಂದು ಮೂಲೆಗೆ ಸೇರಿಬಿಡುತ್ತದೆ, ಕೆಲಸ ದಂಡ. ಸ್ಪಾನ್ ಬಿಡುವ 12ರಿಂದ 24 ಗಂಟೆ ಮೊದಲು ಮಾಡಿ. ಮೊದಲೇ ಮಾಡಿಟ್ಟರೆ ಮೇಷ್ಟ್ರು ಹೇಳಿದ ಹಾಗೆ ಹೊಸ ಹುಳ ಹಾರಿ ಬರುತ್ತವೆ.

ಇದು ವಿಷ ಅಲ್ಲ. ಹುಳ ಗಾಳಿಗೆ ಮೇಲೆ ಬಂದಾಗ ಎಣ್ಣೆ ಪದರ ಅಡ್ಡ ಬರುತ್ತದೆ, ಉಸಿರು ಕಟ್ಟಿ ಸಾಯುತ್ತದೆ. ತಿಪಟೂರಿನವರ ತಂದೆ ಸೀಮೆಎಣ್ಣೆ ಬಿಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಆದರೆ ಮೀನು ಬೆಳೆಸುವ, ದನಕ್ಕೆ ಕುಡಿಸುವ ನೀರಿಗೆ ನಾನು ಸೀಮೆಎಣ್ಣೆ ಹಾಕುವುದಿಲ್ಲ.

ಇದರಲ್ಲಿ ಪಾಪದ ವಾಟರ್ ಬೋಟ್‌ಮನ್ ಕೂಡ ಸಾಯುತ್ತದೆ. ನನಗೆ ಅದು ಸಂಕಟವೇ. ಹಾಗಾಗಿ ನಿಮ್ಮಂಥ ಹೊಂಡಕ್ಕೆ ಬೇರೆ ದಾರಿ ಹೇಳುತ್ತೇನೆ. ಇಡೀ ಹೊಂಡಕ್ಕೆ ಏನೂ ಹಾಕಬೇಡಿ. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಬಟ್ಟೆಯಲ್ಲಿ ತೊಟ್ಟಿಲ ಥರ ಚೌಕಾಕಾರದ ಬಲೆ ಹೊಲಿಸಿ, ನಾಲ್ಕು ಕಡೆ ಕಟ್ಟಿ ಹೊಂಡದಲ್ಲೇ ಇಳಿಬಿಡಿ. ಇದಕ್ಕೆ ಹಾಪಾ ಅಂತೀವಿ. ಬಲೆಯ ಅಂಚು ನೀರಿನಿಂದ ಒಂದಡಿ ಮೇಲೆ ಇರಲಿ. ಮೇಲೂ ಅದೇ ಬಟ್ಟೆ ಮುಚ್ಚಿ. ಹುಳ ಹಾರಿ ಬಂದರೂ ಒಳಗೆ ಬೀಳುವುದಿಲ್ಲ. ಸ್ಪಾನನ್ನು ಅದರೊಳಗೆ ಬಿಟ್ಟು ಎರಡು ಮೂರು ವಾರ ಸಾಕಿ. ನುಣ್ಣಗೆ ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಸಮ ಸಮ ಬೆರೆಸಿ ಹಾಕಿ. ನಿಮ್ಮ ಕಡೆ ಕಡಲೆಕಾಯಿ ಹಿಂಡಿಗೆ ಬರ ಇಲ್ಲ. ಬಲೆಯ ಕಣ್ಣು ಪಾಚಿಯಿಂದ ಕಟ್ಟಿಕೊಳ್ಳುತ್ತದೆ, ಹೊರಗಿನಿಂದ ಮೆತ್ತಗೆ ಉಜ್ಜಿ ತೊಳೆಯುತ್ತಿರಿ. ಇಲ್ಲದಿದ್ದರೆ ಒಳಗೆ ನೀರು ಆಡುವುದಿಲ್ಲ. ಒಂದು ಇಂಚು ದಾಟಿದ ಮೇಲೆ ಬ್ಯಾಕ್‌ಸ್ವಿಮ್ಮರ್ ಭಯ ಬಹುಮಟ್ಟಿಗೆ ಹೋಗುತ್ತದೆ.

ಏರೋಪ್ಲೇನ್ ಚಿಟ್ಟೆಯ ಮರಿ ಮಾತ್ರ ನೆನಪಿಡಿ. ಅದು ನೀರಿನೊಳಗೇ ಕಿವಿರಿನಿಂದ ಉಸಿರಾಡುತ್ತದೆ, ಸೋಪು-ಎಣ್ಣೆಗೆ ಬಗ್ಗುವುದಿಲ್ಲ. ಒಂದಿಂಚಿನ ಮರಿಯನ್ನೂ ಹಿಡಿಯಬಲ್ಲದು. ಬಲೆಯೊಳಗೆ ಅದು ಇಲ್ಲ ಅಂತ ನೋಡಿಯೇ ಸ್ಪಾನ್ ಬಿಡಿ.

ಇನ್ನು ಸೊಳ್ಳೆ. ಮೇಷ್ಟ್ರು ಹೇಳಿದ್ದು ನಿಜ, ಅನಿಸಾಪ್ಸ್‌ಗೆ ಸೊಳ್ಳೆ ಮರಿ ಅಂದರೆ ಬಹಳ ಇಷ್ಟ. ಸೊಳ್ಳೆ ಮರಿ ಗಾಳಿಗೆ ಮೇಲೆ ಕೆಳಗೆ ಓಡಾಡುತ್ತದೆ, ಈ ಹುಳ ಸರಿಯಾಗಿ ಆ ದಾರಿಯಲ್ಲೇ ನಿಂತಿರುತ್ತದೆ. ಇನ್ನೂ ಒಂದು ಸಂಗತಿ ಇದೆ. ಇಸ್ರೇಲ್‌ನಲ್ಲಿ ನೋಟೊನೆಕ್ಟ ಅನ್ನುವ ದೊಡ್ಡ ಬ್ಯಾಕ್‌ಸ್ವಿಮ್ಮರ್ ಮೇಲೆ ಕೆಲಸ ಮಾಡಿದವರು, ಅದು ಬಿಡುವ ವಾಸನೆಯ ರಾಸಾಯನಿಕ ಹಿಡಿದೇ ಹೆಣ್ಣು ಸೊಳ್ಳೆ ಆ ನೀರಿನಲ್ಲಿ ಮೊಟ್ಟೆ ಇಡದೆ ಹೋಗುತ್ತದೆ ಅಂತ 2010ರಲ್ಲಿ ತೋರಿಸಿದರು. ಅಂದರೆ ಹುಳ ತಿನ್ನುವುದರ ಜೊತೆಗೆ ಕಾವಲೂ ಕಾಯುತ್ತದೆ. ಮೀನು ಇಲ್ಲದ ಬಾವಿ, ಹೊಂಡಗಳಲ್ಲಿ ಬ್ಯಾಕ್‌ಸ್ವಿಮ್ಮರ್ ಇದ್ದರೆ ದಯವಿಟ್ಟು ಬಿಡಿ, ಮುಟ್ಟಬೇಡಿ. ತಿಪಟೂರಿನವರ ಬಾವಿಗೂ ಇದೇ ಮಾತು. ಹೊಂಡಕ್ಕೆ ಮೀನು ಬಂದ ಮೇಲೆ ಸೊಳ್ಳೆ ಮರಿಯನ್ನು ಮೀನೇ ನೋಡಿಕೊಳ್ಳುತ್ತದೆ. ಡೆಂಗಿ ಸೊಳ್ಳೆಯ ಚಿಂತೆ ಇದ್ದರೆ ಹೊಂಡಕ್ಕಿಂತ ಮನೆ ಹಿಂದಿನ ಡ್ರಮ್ಮು, ಹಳೆ ಟೈರು, ತೆಂಗಿನ ಚಿಪ್ಪು ನೋಡಿ.

ಸೊಳ್ಳೆಗೆ ಅಂತ ಯಾರಾದರೂ ಗಂಬೂಸಿಯಾ ಮೀನು ಕೊಟ್ಟರೆ ಹೊಂಡಕ್ಕೆ ಬಿಡಬೇಡಿ. ಅದು ಬೇರೆ ಮೀನಿನ ಮೊಟ್ಟೆ, ಮರಿ ಎರಡನ್ನೂ ತಿನ್ನುತ್ತದೆ. ಒಮ್ಮೆ ಸೇರಿದರೆ ತೆಗೆಯುವುದು ಕಷ್ಟ.

ಶಿರಾ ಹೊಂಡ:

ಹಾಪಾ ವಿಚಾರ ಬಹಳ ಹಿಡಿಸಿತು ಅಕ್ಕಾ. ಊರಿನ ಟೈಲರ್ ಹೊಲಿದು ಕೊಡುತ್ತೇನೆ ಅಂದಿದ್ದಾರೆ. ಎಷ್ಟು ದೊಡ್ಡದು ಹೊಲಿಸಲಿ? ನೈಲಾನ್ ಪರದೆ ಆಗುತ್ತದಾ, ಹತ್ತಿ ಬಟ್ಟೆಯೇ ಬೇಕಾ?

ಭದ್ರಾ ದಂಡೆ:

ನೈಲಾನ್ ತಗೊಳ್ಳಿ. ಹತ್ತಿ ನೀರಿನಲ್ಲಿ ಬೇಗ ಕೊಳೆಯುತ್ತದೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ ಇರಲಿ, ಮೊದಲ ಸಲಕ್ಕೆ ಸಾಕು. ನಾಲ್ಕು ಮೂಲೆಗೂ ಮೇಲೆ ಕೆಳಗೆ ಹಗ್ಗದ ಕುಣಿಕೆ ಹೊಲಿಸಿ. ಪ್ಲಾಸ್ಟಿಕ್ ಶೀಟ್ ಇರುವುದರಿಂದ ಕೋಲು ನೆಡುವ ಹಾಗಿಲ್ಲ, ತೂತಾಗುತ್ತದೆ. ಅದಕ್ಕೆ ಖಾಲಿ ಕ್ಯಾನುಗಳನ್ನು ತೇಲಲು ಕಟ್ಟಿ, ಹಗ್ಗ ಎಳೆದು ದಡದ ಬೇಲಿ ಕಂಬಕ್ಕೆ ಬಿಗಿಯಿರಿ. ಕೆಳಗಿನ ಮೂಲೆಗಳಿಗೆ ನುಣುಪಾದ ಕಲ್ಲು ಕಟ್ಟಿ. ಹೊಲಿಗೆ ಆದ ಮೇಲೆ ಬಲೆಯನ್ನು ಬೆಳಕಿಗೆ ಹಿಡಿದು ಅಂಚುಗಳನ್ನೆಲ್ಲ ನೋಡಿ. ಬ್ಯಾಕ್‌ಸ್ವಿಮ್ಮರ್ ಮರಿ ನುಸುಳಲು ಹೊಲಿಗೆ ಬಿಟ್ಟ ಒಂದು ಸಂದು ಸಾಕು.